ಶಾಲಾ ಪೀಡನೆ ಮತ್ತು ವೃತ್ತಪತ್ರಿಕೆ: ಜಪಾನಿನ ನಾಲ್ಕು ಪ್ರಕರಣಗಳ ಪರಿಶೀಲನೆ

1

ಶಾಲೆಯೊಂದರ ಇತಿಹಾಸವನ್ನು ಬರೆಯಹೊರಟವನಿಗೆ ಆಧಾರಗಳ ಕೊರತೆ ಸಾಮಾನ್ಯವಾಗಿ ತೋರುವುದಿಲ್ಲ. ದಾಖಲಾತಿ ಪುಸ್ತಕ, ಹಾಜರಿ ಪುಸ್ತಕ, ಪರೀಕ್ಷಾ ಫಲಿತಾಂಶಗಳು, ತನಿಖಾಧಿಕಾರಿಗಳ ವರದಿ, ಅನುದಾನದ ಲೆಕ್ಕಪತ್ರ ಇವೆಲ್ಲವೂ ಎಲ್ಲಿಯೋ ಒಂದೆಡೆ ಉಳಿದಿರುತ್ತವೆ. ಆದರೆ ಎರಡು ಪಾಠಗಳ ನಡುವಣ ಬಿಡುವಿನಲ್ಲಿ, ಆಟದ ಬಯಲಿನ ಅಂಚಿನಲ್ಲಿ, ಮನೆಗೆ ಹಿಂದಿರುಗುವ ದಾರಿಯಲ್ಲಿ ಒಬ್ಬ ಬಾಲಕನನ್ನು ಉಳಿದವರು ಹೇಗೆ ನಡೆಸಿಕೊಂಡರೆಂಬುದು ಈ ಯಾವ ಪುಸ್ತಕದಲ್ಲಿಯೂ ದೊರೆಯದು. ಅದನ್ನು ಬರೆದಿಡುವ ಹೊಣೆ ಯಾರದೂ ಆಗಿರಲಿಲ್ಲ. ಬೆಳೆದು ದೊಡ್ಡವರಾದ ಮೇಲೆ ಕೆಲವರು ತಮ್ಮ ಆತ್ಮಕಥೆಗಳಲ್ಲಿ ಅದನ್ನು ಸ್ಮರಿಸಿದ್ದಾರೆ. ಇಂಗ್ಲೆಂಡಿನ ಕಾದಂಬರಿಕಾರ ಆಂಟನಿ ಟ್ರಾಲಪನು ವಿಂಚೆಸ್ಟರ್ ಶಾಲೆಯಲ್ಲಿ ತಾನುಂಡ ಪೆಟ್ಟುಗಳನ್ನು ಕುರಿತು ಬರೆದುದು ಬೆಳಕಿಗೆ ಬಂದುದು ಅವನ ಮರಣಾನಂತರ, 1883ರಲ್ಲಿ. ಹೀಗೆ ಬರೆಯಬಲ್ಲವರು ವಿರಳ. ಬರೆಯುವಷ್ಟು ಕಾಲ ಬದುಕಿದವರ ಮಾತು ಮಾತ್ರವೇ ಅಲ್ಲಿ ಉಳಿಯುತ್ತದೆಂಬುದನ್ನೂ ಮರೆಯುವಂತಿಲ್ಲ.

ಇಂತಹ ಸ್ಥಿತಿಯಲ್ಲಿ ಇತಿಹಾಸಕಾರನು ಅನಿವಾರ್ಯವಾಗಿ ವೃತ್ತಪತ್ರಿಕೆಯನ್ನು ಆಶ್ರಯಿಸುತ್ತಾನೆ. ಆದರೆ ಪತ್ರಿಕೆಯು ಸಾವಿರ ಪ್ರಕರಣಗಳಲ್ಲಿ ಒಂದನ್ನು ಎತ್ತಿಕೊಂಡು ಉಳಿದವನ್ನು ಬಿಟ್ಟುಬಿಡುತ್ತದೆ. ಆ ಆಯ್ಕೆಯ ಕ್ರಮವನ್ನು ಅರಿಯದೆ ಪತ್ರಿಕೆಯನ್ನು ಆಧಾರವಾಗಿ ಬಳಸಿದರೆ, ದೀಪದ ಬೆಳಕು ಬಿದ್ದಷ್ಟೇ ಊರೆಂದು ಭಾವಿಸಿದಂತಾಗುತ್ತದೆ. ಕೆಲವು ಪ್ರಕರಣಗಳು ಮಾತ್ರವೇ ದೇಶದ ಗಮನವನ್ನು ಸೆಳೆಯುವುದೇಕೆ? ಈ ಪ್ರಶ್ನೆಗೆ ರೂಢಿಯಲ್ಲಿ ಎರಡು ಉತ್ತರಗಳಿವೆ. ಕ್ರೌರ್ಯವು ಮಿತಿಮೀರಿದಾಗ ಪ್ರಕರಣವು ತಾನಾಗಿಯೇ ಸುದ್ದಿಯಾಗುತ್ತದೆಂಬುದು ಒಂದು. ಪ್ರಸಾರವನ್ನು ಹೆಚ್ಚಿಸಿಕೊಳ್ಳುವುದಕ್ಕಾಗಿ ಪತ್ರಿಕೆಗಳೇ ಸಣ್ಣದನ್ನು ದೊಡ್ಡದು ಮಾಡುತ್ತವೆಂಬುದು ಇನ್ನೊಂದು. ಈ ಎರಡನ್ನೂ ಪರೀಕ್ಷಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಪರೀಕ್ಷೆಗೆ ಜಪಾನ್ ದೇಶವನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಸಹಪಾಠಿಗಳ ಪೀಡನೆಯು ಜಪಾನಿನಲ್ಲಿ ಮಾತ್ರ ಹೆಚ್ಚೆಂದು ಅದರ ಅರ್ಥವಲ್ಲ. ‘ಇಜಿಮೆ’ ಎಂದು ಅವರು ಕರೆಯುವ ಈ ಪೀಡನೆಯನ್ನು ಕುರಿತು ಅಲ್ಲಿಯ ಶಿಕ್ಷಣ ಸಚಿವಾಲಯವು 1985ರಿಂದ ವರ್ಷಂಪ್ರತಿ ಅಂಕಿ ಅಂಶಗಳನ್ನು ಪ್ರಕಟಿಸುತ್ತ ಬಂದಿದೆ. ನ್ಯಾಯಾಲಯಗಳ ತೀರ್ಪುಗಳೂ ತನಿಖಾ ಸಮಿತಿಗಳ ವರದಿಗಳೂ ಅಲ್ಲಿ ಇವೆ. ಆದುದರಿಂದ ಪತ್ರಿಕೆಯ ಮಾತನ್ನು ಮತ್ತೊಂದು ಆಧಾರದ ಬಳಿಯಿಟ್ಟು ತೂಗಿ ನೋಡುವುದು ಅಲ್ಲಿ ಸಾಧ್ಯ. ಮೃತರಾದ ಮಕ್ಕಳ ಹೆಸರುಗಳು ಆ ದೇಶದಲ್ಲಿ ಅನೇಕರಿಗೆ ಪರಿಚಿತವಾಗಿದ್ದರೂ, ಈ ಪರಿಶೀಲನೆಗೆ ಅವು ಅಗತ್ಯವಲ್ಲವಾದ್ದರಿಂದ ಇಲ್ಲಿ ಬಳಸಿಲ್ಲ.

2

‘ಇಜಿಮೆರು’ ಎಂಬ ಕ್ರಿಯಾಪದವು ಜಪಾನೀ ಭಾಷೆಯಲ್ಲಿ ಹೊಸದಲ್ಲ. ಕಾಡು, ಪೀಡಿಸು, ಗೋಳುಹೊಯ್ದುಕೊಳ್ಳು ಎಂದು ಅದರ ಅರ್ಥ. ಆದರೆ ಅದರಿಂದ ಬಂದ ನಾಮಪದವು ಒಂದು ಸಾಮಾಜಿಕ ಸಮಸ್ಯೆಯ ಹೆಸರಾಗಿ ನೆಲೆಗೊಂಡುದು 1980ರ ದಶಕದಲ್ಲಿ. ಅದಕ್ಕೆ ಮುಂಚೆ ಅಲ್ಲಿಯ ಪತ್ರಿಕೆಗಳ ಗಮನವೆಲ್ಲ ಬೇರೊಂದು ಸಂಗತಿಯ ಮೇಲಿದ್ದಿತು. ಆ ದಶಕದ ಮೊದಲ ವರ್ಷಗಳಲ್ಲಿ ಮಾಧ್ಯಮಿಕ ಶಾಲೆಗಳ ವಿದ್ಯಾರ್ಥಿಗಳು ಉಪಾಧ್ಯಾಯರ ಮೇಲೆ ಕೈಮಾಡುವುದು, ಶಾಲೆಯ ಕಿಟಕಿಬಾಗಿಲುಗಳನ್ನು ಒಡೆಯುವುದು ದೊಡ್ಡ ಸುದ್ದಿಯಾಗಿದ್ದಿತು. ಆಗ ಶಾಲೆಗೆ ಒದಗಿದ ಅಪಾಯವೆಂದರೆ ಶಿಸ್ತನ್ನು ಮುರಿಯುವ ವಿದ್ಯಾರ್ಥಿಯೇ. ಒಬ್ಬ ವಿದ್ಯಾರ್ಥಿಯು ಇನ್ನೊಬ್ಬನಿಗೆ ಸದ್ದಿಲ್ಲದೆ ಕೊಡುವ ಹಿಂಸೆ ಆ ಚೌಕಟ್ಟಿನಲ್ಲಿ ಕಾಣಿಸುವಂತಿರಲಿಲ್ಲ.

1979ರಲ್ಲಿ ಸೈತಾಮ ಪ್ರಾಂತದ ಕಾಮಿಫುಕುಓಕ ಎಂಬ ಊರಿನಲ್ಲಿ ಕೊರಿಯ ಮೂಲದ ಮನೆತನಕ್ಕೆ ಸೇರಿದ ಶಾಲಾ ಬಾಲಕನೊಬ್ಬನು ಸಹಪಾಠಿಗಳ ಕಾಟವನ್ನು ತಾಳಲಾರದೆ ಪ್ರಾಣ ಕಳೆದುಕೊಂಡನು. ಮುಂದಿನ ಪ್ರಕರಣಗಳಲ್ಲಿ ಕಾಣುವ ಅಂಶಗಳು ಅದರಲ್ಲಿಯೂ ಇದ್ದವು. ಆದರೂ ಅದು ಇಡೀ ಶಾಲಾ ವ್ಯವಸ್ಥೆಯನ್ನು ಪ್ರಶ್ನಿಸುವ ಪ್ರಕರಣವಾಗಲಿಲ್ಲ. ಅಲ್ಪಸಂಖ್ಯಾತರಿಗೆ ಸಂಬಂಧಿಸಿದ ಒಂದು ಪ್ರತ್ಯೇಕ ದುಃಖವೆಂಬಂತೆ ಬದಿಗುಳಿಯಿತು. ಓದುಗನು ಮೃತ ಬಾಲಕನಲ್ಲಿ ತನ್ನ ಮಗನನ್ನು ಕಂಡಾಗ ಪ್ರಕರಣವು ಒಂದು ಬಗೆಯದಾಗುತ್ತದೆ, ಪರರ ಮಗನನ್ನು ಕಂಡಾಗ ಮತ್ತೊಂದು ಬಗೆಯದಾಗುತ್ತದೆ. ಗಮನದ ಈ ಮೊದಲ ನಿಯಮವು ಅಹಿತವಾದುದಾದರೂ ದಾಖಲಿಸಲೇಬೇಕಾದುದು.

3

ಜಪಾನಿನಲ್ಲಿ ಇಜಿಮೆಯನ್ನು ಮನೆಮಾತಾಗಿಸಿದ ಪ್ರಕರಣವು ನಡೆದುದು 1986ರ ಫೆಬ್ರವರಿ 1ರಂದು. ತೋಕಿಯೊ ನಗರದ ನಕಾನೊ ವಾರ್ಡಿನ ಮಾಧ್ಯಮಿಕ ಶಾಲೆಯೊಂದರ 13 ವರ್ಷದ ಬಾಲಕನು ಉತ್ತರದ ಮೊರಿಓಕ ನಗರದವರೆಗೆ ಹೋಗಿ ಅಲ್ಲಿ ಆತ್ಮಹತ್ಯೆ ಮಾಡಿಕೊಂಡನು. ತನ್ನನ್ನು ಕಾಡುತ್ತಿದ್ದ ಇಬ್ಬರ ಹೆಸರನ್ನು ಅವನು ಬರೆದಿಟ್ಟಿದ್ದನು. ಆದರೆ ದೇಶವನ್ನು ತಲ್ಲಣಗೊಳಿಸಿದುದು ಆ ಬರಹಕ್ಕಿಂತ ಹೆಚ್ಚಾಗಿ ಹಿಂದಿನ ನವೆಂಬರ್ ತಿಂಗಳಿನ ಒಂದು ರಟ್ಟಿನ ಹಾಳೆ. ಆ ತಿಂಗಳು ಅವನ ತರಗತಿಯವರು ಅವನು ಸತ್ತನೆಂದು ನಟಿಸಿ, ಅವನ ಮೇಜಿನ ಮೇಲೆ ಭಾವಚಿತ್ರವನ್ನೂ ಊದುಬತ್ತಿಯನ್ನೂ ಇರಿಸಿ, ಅಣಕು ಶವಸಂಸ್ಕಾರವನ್ನು ನಡೆಸಿದ್ದರು. ಮೃತರಿಗೆ ವಿದಾಯ ಹೇಳುವ ಹಾಳೆಗೆ ಸಹಪಾಠಿಗಳು ಸಹಿ ಹಾಕಿದ್ದರು. ಆ ಸಹಿಗಳ ನಡುವೆ ನಾಲ್ವರು ಉಪಾಧ್ಯಾಯರ ಸಹಿಗಳೂ ಇದ್ದವು. ಅವರಲ್ಲೊಬ್ಬರು ಆ ತರಗತಿಯ ಉಪಾಧ್ಯಾಯರೇ ಆಗಿದ್ದರು.

ಈ ಹಾಳೆಯ ಮಹತ್ತ್ವವನ್ನು ಇತಿಹಾಸಕಾರನು ಸರಿಯಾಗಿ ಗುರುತಿಸಬೇಕು. ಪೀಡನೆಯು ಸ್ವಭಾವತಃ ಸಾಕ್ಷ್ಯವನ್ನು ಉಳಿಸದ ಅಪರಾಧ. ಮಾತು ಗಾಳಿಯಲ್ಲಿ ಹೋಗುತ್ತದೆ. ಪೆಟ್ಟಿನ ಗುರುತು ಮಾಯುತ್ತದೆ. ಕೇಳಿದರೆ ತಮಾಷೆಗೆಂದು ಮಾಡಿದೆವೆನ್ನುತ್ತಾರೆ. ಇಲ್ಲಿ ಮಾತ್ರ ಛಾಯಾಚಿತ್ರ ತೆಗೆಯಬಹುದಾದ, ಮುದ್ರಿಸಬಹುದಾದ, ಓದುಗನು ತಾನೇ ಓದಿ ನೋಡಬಹುದಾದ ಒಂದು ಲಿಖಿತ ದಾಖಲೆಯಿದ್ದಿತು. ಅದು ಮಕ್ಕಳ ಕ್ರೌರ್ಯವನ್ನಷ್ಟೇ ಅಲ್ಲದೆ, ಕಾಯಬೇಕಾದವರೇ ಆ ಆಟದಲ್ಲಿ ಕೈಜೋಡಿಸಿದುದನ್ನೂ ತೋರಿಸುತ್ತಿದ್ದಿತು. ಸುದ್ದಿಯ ಕೇಂದ್ರವು ವಿದ್ಯಾರ್ಥಿಯಿಂದ ಸಂಸ್ಥೆಯ ಕಡೆಗೆ ಸರಿದುದು ಆ ನಾಲ್ಕು ಸಹಿಗಳಿಂದ.

ಅದೇ ಹಾಳೆಯನ್ನು ನ್ಯಾಯಾಲಯಗಳು ಓದಿದ ಬಗೆಯೂ ಗಮನಾರ್ಹವಾಗಿದೆ. 1991ರ ಮಾರ್ಚ್ ತಿಂಗಳಿನಲ್ಲಿ ತೋಕಿಯೊ ಜಿಲ್ಲಾ ನ್ಯಾಯಾಲಯವು ಅಣಕು ಶವಸಂಸ್ಕಾರವನ್ನು ಇಜಿಮೆಯೆಂದು ಒಪ್ಪದೆ, 40 ಲಕ್ಷ ಯೆನ್ ಪರಿಹಾರವನ್ನು ಮಾತ್ರ ವಿಧಿಸಿತು. 1994ರ ಮೇ ತಿಂಗಳಿನಲ್ಲಿ ಉಚ್ಚ ನ್ಯಾಯಾಲಯವು ಆ ಅಭಿಪ್ರಾಯವನ್ನು ತಳ್ಳಿಹಾಕಿ, ಅದು ಇಜಿಮೆಯೇ ಸರಿಯೆಂದು ನಿರ್ಣಯಿಸಿ, ಪರಿಹಾರವನ್ನು 1 ಕೋಟಿ 15 ಲಕ್ಷ ಯೆನ್ನುಗಳಿಗೆ ಏರಿಸಿತು. ಆದರೆ ಬಾಲಕನು ಪ್ರಾಣ ಕಳೆದುಕೊಳ್ಳುವನೆಂದು ಶಾಲೆಯು ಮುಂದಾಗಿ ತಿಳಿಯಲು ಸಾಧ್ಯವಿದ್ದಿತೆಂಬುದನ್ನು ಉಚ್ಚ ನ್ಯಾಯಾಲಯವೂ ಒಪ್ಪಲಿಲ್ಲ. ಮೂರು ವರ್ಷಗಳ ಅಂತರದಲ್ಲಿ ಸಾಕ್ಷ್ಯವು ಬದಲಾಗಲಿಲ್ಲ. ಅದನ್ನು ನೋಡುವ ದೃಷ್ಟಿ ಬದಲಾಯಿತು.

4

ಎರಡನೆಯ ಪ್ರಕರಣವು 1994ರ ನವೆಂಬರ್ 27ರದು. ಐಚಿ ಪ್ರಾಂತದ ನಿಶಿಓ ನಗರದ ಬಾಲಕನೊಬ್ಬನು ಮೃತನಾದ ಬಳಿಕ ಅವನು ಬರೆದಿಟ್ಟ ದೀರ್ಘವಾದ ಪತ್ರವು ಮನೆಯಲ್ಲಿ ದೊರೆಯಿತು. ತನ್ನಿಂದ ಹಣವನ್ನು ಹೇಗೆ ಹೇಗೆ ಸುಲಿದರೆಂಬುದನ್ನು ಅದರಲ್ಲಿ ಅವನು ವಿವರವಾಗಿ ಬರೆದಿದ್ದನು. ಕಳೆದುಹೋದ ಹಣದ ಮೊತ್ತವು 10 ಲಕ್ಷ ಯೆನ್ನುಗಳನ್ನು ಮೀರಿದ್ದಿತು. ಪತ್ರವು ದೇಶದ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಶಿಕ್ಷಣ ಸಚಿವಾಲಯವು ಡಿಸೆಂಬರಿನಲ್ಲಿಯೇ ತುರ್ತು ಮನವಿಯನ್ನು ಹೊರಡಿಸಿತು. ಮರುವರ್ಷ, 1995ರಲ್ಲಿ, ಪ್ರಯೋಗಾರ್ಥವಾಗಿ 154 ಶಾಲೆಗಳಲ್ಲಿ ಮಾನಸಿಕ ಸಲಹೆಗಾರರನ್ನು ನೇಮಿಸುವ ಕಾರ್ಯವು ಆರಂಭವಾಯಿತು.

ಇಲ್ಲಿಯೂ ಪ್ರಕರಣಕ್ಕೆ ಆಧಾರವಾದುದು ಒಂದು ದಾಖಲೆಯೇ. ಆದರೆ ಈ ಸಾರಿ ಅದು ಪೀಡಿಸಿದವರು ಬರೆದುದಲ್ಲ, ಪೀಡಿತನೇ ಬರೆದುದು. ಬರಹವಿಲ್ಲದೆ ಹೋದ ಮಗುವಿನ ವಿಷಯದಲ್ಲಿ ಪತ್ರಿಕೆಯು ಶಾಲೆಯ ಹೇಳಿಕೆಯನ್ನು ಅಚ್ಚುಹಾಕಿ ಸುಮ್ಮನಾಗುತ್ತದೆ. ಬರಹವಿದ್ದಲ್ಲಿ ಆ ಹೇಳಿಕೆಯನ್ನು ಎದುರಿಸುವ ಇನ್ನೊಂದು ಹೇಳಿಕೆಯಿರುತ್ತದೆ. ಬಾಯಿಬಾರದವರ ಪರವಾಗಿ ನಿಲ್ಲಲು ಬಾತ್ಮೀದಾರನಿಗೂ ಕಾಗದವೊಂದು ಬೇಕಾಗುತ್ತದೆ.

5

ಮೂರನೆಯ ಪ್ರಕರಣವು ನಮ್ಮ ಪ್ರಶ್ನೆಗೆ ನಿರ್ಣಾಯಕವಾದುದು. ಹೊಕ್ಕೈದೊ ದ್ವೀಪದ ತಕಿಕಾವ ನಗರದಲ್ಲಿ ಪ್ರಾಥಮಿಕ ಶಾಲೆಯ 6ನೆಯ ತರಗತಿಯ ಬಾಲಕಿಯೊಬ್ಬಳು 2005ರ ಸೆಪ್ಟೆಂಬರ್‌ನಲ್ಲಿ ತರಗತಿಯ ಕೋಣೆಯಲ್ಲಿಯೇ ಪ್ರಾಣಾಪಾಯಕ್ಕೆ ಈಡಾಗಿ, ಪ್ರಜ್ಞೆ ಮರಳದೆ 2006ರ ಜನವರಿಯಲ್ಲಿ ತೀರಿಕೊಂಡಳು. ಅವಳು ಬಿಟ್ಟುಹೋದ ಪತ್ರಗಳಲ್ಲಿ ಶಾಲೆಗೆ, ಸಹಪಾಠಿಗಳಿಗೆ, ತಾಯಿಗೆ ಬರೆದವು ಇದ್ದವು. ನಗರದ ಶಿಕ್ಷಣ ಮಂಡಲಿಗೆ ಆ ಪತ್ರಗಳ ವಿಷಯ ತಿಳಿದಿದ್ದಿತು. ಆದರೂ ಅವುಗಳಿಂದ ಇಜಿಮೆ ಸಿದ್ಧಪಡುವುದಿಲ್ಲವೆಂಬ ನಿಲುವನ್ನು ಅದು ತಳೆದು, ಒಂದು ವರ್ಷಕ್ಕೂ ಮಿಕ್ಕಿ ಸುಮ್ಮನಿದ್ದಿತು. 2006ರ ಅಕ್ಟೋಬರ್ 1ರಂದು ಯೊಮಿಉರಿ ದಿನಪತ್ರಿಕೆಯು ಪತ್ರಗಳ ಸಾರವನ್ನು ಪ್ರಕಟಿಸಿತು. ನಾಲ್ಕೇ ದಿನಗಳಲ್ಲಿ, ಅಕ್ಟೋಬರ್ 5ರಂದು, ಶಿಕ್ಷಣ ಮಂಡಲಿಯು ತನ್ನ ನಿಲುವನ್ನು ಬದಲಾಯಿಸಿ ಇಜಿಮೆಯನ್ನು ಒಪ್ಪಿಕೊಂಡಿತು.

ಕ್ರೌರ್ಯದ ಪ್ರಮಾಣವೇ ಸುದ್ದಿಗೆ ಕಾರಣವೆಂಬ ಮೊದಲನೆಯ ಉತ್ತರವು ಇಲ್ಲಿ ನಿಲ್ಲುವುದಿಲ್ಲ. 2005ರ ಸೆಪ್ಟೆಂಬರಿನಲ್ಲಿದ್ದ ಕ್ರೌರ್ಯವೇ 2006ರ ಅಕ್ಟೋಬರಿನಲ್ಲಿಯೂ ಇದ್ದುದು. ಅದರ ತೂಕ ಒಂದು ಗುಲಗಂಜಿಯಷ್ಟೂ ಹೆಚ್ಚಲಿಲ್ಲ. ಬದಲಾದವು ಬೇರೆ ಸಂಗತಿಗಳು. ಮೊದಲನೆಯದಾಗಿ, ಅಧಿಕಾರಿಗಳ ಕೈಯಲ್ಲಿದ್ದ ಪತ್ರಗಳು ಸಾರ್ವಜನಿಕರ ಕೈಗೆ ಬಂದವು. ಎರಡನೆಯದಾಗಿ, ಒಂದು ವರ್ಷದ ಮೌನವು ತಾನೇ ಹೊಸದೊಂದು ಸುದ್ದಿಯಾಯಿತು. ಮೂರನೆಯದಾಗಿ, ಕಾಲವು ಅನುಕೂಲವಾಗಿದ್ದಿತು: 2006ರ ಸೆಪ್ಟೆಂಬರ್ 26ರಂದು ಅಬೆ ಶಿಂಜೊ ಅವರ ಮೊದಲ ಮಂತ್ರಿಮಂಡಲವು ಅಧಿಕಾರಕ್ಕೆ ಬಂದು, ಶಿಕ್ಷಣದ ಪುನರ್ನಿರ್ಮಾಣವು ತನ್ನ ಮುಖ್ಯ ಕಾರ್ಯಗಳಲ್ಲೊಂದೆಂದು ಸಾರಿದ್ದಿತು. ಶಿಕ್ಷಣದ ಚರ್ಚೆಯು ಆಗಲೇ ಪತ್ರಿಕೆಗಳ ಮುಖಪುಟದಲ್ಲಿದ್ದುದರಿಂದ ಹೊಸ ಪ್ರಕರಣಕ್ಕೆ ಅಲ್ಲಿ ಜಾಗ ದೊರೆಯುವುದು ಸುಲಭವಾಯಿತು. 1986ರಲ್ಲಿಯೂ ಹೀಗೆಯೇ ಆಗಿದ್ದಿತು. 1984ರಲ್ಲಿ ಪ್ರಧಾನಿ ನಕಾಸೋನೆ ಯಾಸುಹಿರೊ ಅವರು ನೇಮಿಸಿದ ಶಿಕ್ಷಣ ಸುಧಾರಣಾ ಪರಿಷತ್ತು ಆಗ ಇನ್ನೂ ಕಾರ್ಯನಿರತವಾಗಿದ್ದಿತು.

ಪತ್ರಿಕೆಗಳೇ ಸಣ್ಣದನ್ನು ದೊಡ್ಡದು ಮಾಡುತ್ತವೆಂಬ ಎರಡನೆಯ ಉತ್ತರವೂ ಇಲ್ಲಿ ಸೋಲುತ್ತದೆ. 1999ರಿಂದ 2005ರವರೆಗಿನ ಏಳು ವರ್ಷಗಳ ಸರ್ಕಾರಿ ಅಂಕಿ ಅಂಶಗಳಲ್ಲಿ ಇಜಿಮೆಯ ಕಾರಣದಿಂದಾದ ಆತ್ಮಹತ್ಯೆಗಳ ಸಂಖ್ಯೆಯು ಪ್ರತಿವರ್ಷವೂ ಸೊನ್ನೆಯೆಂದಿದ್ದಿತು. ತಕಿಕಾವದ ಪತ್ರಗಳು ಅಚ್ಚಾದ ಮೇಲೆ ಆ ಸೊನ್ನೆಯನ್ನು ನಂಬುವವರು ಉಳಿಯಲಿಲ್ಲ. ಸಚಿವಾಲಯವೇ ಹಿಂದಿನ ಪ್ರಕರಣಗಳನ್ನು ಮರುಪರಿಶೀಲಿಸಬೇಕಾಯಿತು. ಇಲ್ಲಿ ಪತ್ರಿಕೆಯು ಸಣ್ಣದನ್ನು ಹಿಗ್ಗಿಸಲಿಲ್ಲ. ಸರ್ಕಾರಿ ಲೆಕ್ಕದಲ್ಲಿ ಇಲ್ಲವೇ ಇಲ್ಲವೆಂದಿದ್ದುದನ್ನು ಇದೆಯೆಂದು ತೋರಿಸಿತು.

6

ನಾಲ್ಕನೆಯ ಪ್ರಕರಣವು ಶಿಗ ಪ್ರಾಂತದ ಓತ್ಸು ನಗರದ್ದು. 2011ರ ಅಕ್ಟೋಬರಿನಲ್ಲಿ 13 ವರ್ಷದ ಬಾಲಕನು ಮೃತನಾದನು. ಶಾಲೆಯು ವಿದ್ಯಾರ್ಥಿಗಳಿಗೆಲ್ಲ ಪ್ರಶ್ನಾವಳಿಯನ್ನು ಹಂಚಿ ಉತ್ತರಗಳನ್ನು ಸಂಗ್ರಹಿಸಿತು. ನವೆಂಬರಿನಲ್ಲಿ ಶಿಕ್ಷಣ ಮಂಡಲಿಯು ಇಜಿಮೆ ನಡೆದುದನ್ನು ಒಪ್ಪಿದರೂ, ಸಾವಿಗೂ ಅದಕ್ಕೂ ಸಂಬಂಧವನ್ನು ಹೇಳಲಾಗದೆಂದು ತನಿಖೆಯನ್ನು ಮುಗಿಸಿಬಿಟ್ಟಿತು. ಎಂಟು ತಿಂಗಳ ಮೇಲೆ, 2012ರ ಜುಲೈಯಲ್ಲಿ, ಸಹಪಾಠಿಗಳು ಆ ಪ್ರಶ್ನಾವಳಿಯಲ್ಲಿ ಬರೆದಿದ್ದ ಉತ್ತರಗಳ ವಿವರವು ಪತ್ರಿಕೆಗಳಲ್ಲಿಯೂ ದೂರದರ್ಶನದಲ್ಲಿಯೂ ಹೊರಬಿದ್ದಿತು. ಸಾಯುವುದನ್ನು ಅಭ್ಯಾಸಮಾಡೆಂದು ಬಾಲಕನನ್ನು ಬಲವಂತಪಡಿಸಲಾಗಿದ್ದಿತೆಂಬ ಮಾತು ಅವುಗಳಲ್ಲಿದ್ದಿತು. ಜುಲೈ 11ರಂದು ಪೊಲೀಸರು ಶಾಲೆಯನ್ನೂ ಶಿಕ್ಷಣ ಮಂಡಲಿಯ ಕಚೇರಿಯನ್ನೂ ಶೋಧಿಸಿದರು. ನಗರಸಭೆಯು ನೇಮಿಸಿದ ಸ್ವತಂತ್ರ ಸಮಿತಿಯು 2013ರ ಜನವರಿ 31ರಂದು ತನ್ನ ವರದಿಯಲ್ಲಿ ಇಜಿಮೆಯೇ ಸಾವಿಗೆ ನೇರ ಕಾರಣವೆಂದು ನಿರ್ಣಯಿಸಿತು. ಅದೇ ವರ್ಷದ ಜೂನ್ ತಿಂಗಳಿನಲ್ಲಿ ಜಪಾನಿನ ಸಂಸತ್ತು ಇಜಿಮೆ ನಿವಾರಣೆಯ ಅಧಿನಿಯಮವನ್ನು ಅಂಗೀಕರಿಸಿತು. ಸೆಪ್ಟೆಂಬರಿನಲ್ಲಿ ಅದು ಜಾರಿಗೆ ಬಂದಿತು. ಪ್ರತಿಯೊಂದು ಶಾಲೆಯೂ ಈ ವಿಷಯದಲ್ಲಿ ಲಿಖಿತ ನೀತಿಯನ್ನೂ ಒಂದು ಮಂಡಲಿಯನ್ನೂ ಹೊಂದಿರಬೇಕೆಂದೂ, ಗಂಭೀರ ಪ್ರಕರಣಗಳನ್ನು ತನಿಖೆ ಮಾಡಿ ಮೇಲಿನವರಿಗೆ ತಿಳಿಸಬೇಕೆಂದೂ ಅದು ವಿಧಿಸುತ್ತದೆ.

ನಾಲ್ಕೂ ಪ್ರಕರಣಗಳನ್ನು ಒಟ್ಟಿಗೆ ನೋಡಿದಾಗ, ದೇಶವ್ಯಾಪಿಯಾದ ಗಮನಕ್ಕೆ ಐದು ಅಂಶಗಳು ಕೂಡಿಬರಬೇಕೆಂಬುದು ಗೋಚರವಾಗುತ್ತದೆ. ಒಂದು, ಸಾವು. ಎರಡು, ಮುದ್ರಿಸಬಹುದಾದ ದಾಖಲೆ: ಸಹಿಗಳ ಹಾಳೆ, ಪತ್ರ, ಪ್ರಶ್ನಾವಳಿ. ಮೂರು, ಹಿರಿಯರ ತಪ್ಪು ಅಥವಾ ಮುಚ್ಚುಮರೆ. ನಾಲ್ಕು, ಸುಮ್ಮನಿರಲು ಒಪ್ಪದ ಕುಟುಂಬ. ಐದು, ಆ ಸಮಯಕ್ಕೆ ಸರಿಯಾಗಿ ನಡೆಯುತ್ತಿರುವ ಸಾರ್ವಜನಿಕ ಚರ್ಚೆ. ಇವುಗಳಲ್ಲಿ ಮಗುವು ಪಟ್ಟ ಸಂಕಟದ ಪ್ರಮಾಣವನ್ನು ಅಳೆಯುವ ಅಂಶವು ಒಂದೂ ಇಲ್ಲವೆಂಬುದನ್ನು ಓದುಗರು ಗಮನಿಸಬೇಕು.

ಇದು ಜಪಾನಿಗಷ್ಟೇ ಸೀಮಿತವಾದ ಸಂಗತಿಯಲ್ಲ. 1872ರಲ್ಲಿ ಇಂಗ್ಲೆಂಡಿನ ವಿಂಚೆಸ್ಟರ್ ಶಾಲೆಯಲ್ಲಿ ಹಿರಿಯ ವಿದ್ಯಾರ್ಥಿಯೊಬ್ಬನು ಕಿರಿಯನೊಬ್ಬನಿಗೆ 30 ಏಟುಗಳನ್ನು ಹೊಡೆದನು. ಇಂತಹ ಹೊಡೆತವು ಆ ಶಾಲೆಯಲ್ಲಿ ಹೊಸದಾಗಿರಲಿಲ್ಲ. ಅದಕ್ಕೆ ಪ್ರತ್ಯೇಕವಾದ ಹೆಸರೇ ಇದ್ದಿತು. ಆದರೂ ಆ ವರ್ಷ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಅದನ್ನು ಕುರಿತು ಪತ್ರಗಳ ಸಾಲೇ ಪ್ರಕಟವಾಯಿತು. ಇಂಗ್ಲೆಂಡಿನ ದೊಡ್ಡ ಶಾಲೆಗಳನ್ನು ಕುರಿತ ರಾಜ ಆಯೋಗವು 1864ರಲ್ಲಿ ವರದಿಯನ್ನು ಸಲ್ಲಿಸಿ, 1868ರಲ್ಲಿ ಶಾಸನವೂ ಆಗಿದ್ದುದರಿಂದ ಆ ಶಾಲೆಗಳ ಆಡಳಿತವು ಸಾರ್ವಜನಿಕ ವಿಷಯವಾಗಿದ್ದಿತು. ಪತ್ರಿಕೆಗೆ ಬರೆಯಬಲ್ಲ ತಂದೆಯರ ಮಕ್ಕಳೇ ಅಲ್ಲಿ ಓದುತ್ತಿದ್ದರು. ಅದೇ ಕಾಲದ ಬಡವರ ಶಾಲೆಗಳಲ್ಲಿ ಬಿದ್ದ ಏಟುಗಳಿಗೆ ಅಂತಹ ಪತ್ರಗಳನ್ನು ಬರೆಯುವವರಿರಲಿಲ್ಲ.

7

ಈಗ ಅಂಕಿ ಅಂಶಗಳ ಕಡೆಗೆ ತಿರುಗೋಣ. ಜಪಾನಿನ ಶಾಲೆಗಳು ವರದಿಮಾಡಿದ ಇಜಿಮೆ ಪ್ರಕರಣಗಳ ಸಂಖ್ಯೆಯು 1985ರಲ್ಲಿ 1,55,066 ಇದ್ದಿತು. ಮರುವರ್ಷ 52,610ಕ್ಕೆ ಇಳಿಯಿತು. 1993ರಲ್ಲಿ 21,598 ಇದ್ದುದು, ನಿಶಿಓ ಪ್ರಕರಣವು ನಡೆದ 1994ರಲ್ಲಿ 56,601 ಆಯಿತು. 2005ರಲ್ಲಿ 20,143 ಇದ್ದುದು, ತಕಿಕಾವದ ಸುದ್ದಿ ಹೊರಬಿದ್ದ 2006ರಲ್ಲಿ 1,24,898ಕ್ಕೆ ಏರಿತು. 2011ರಲ್ಲಿ 70,231 ಇದ್ದುದು, ಓತ್ಸು ಪ್ರಕರಣವು ಬಯಲಾದ 2012ರಲ್ಲಿ 1,98,109 ಆಯಿತು. 2023ರಲ್ಲಿ ಅದು 7,32,568ನ್ನು ಮುಟ್ಟಿತು.

ಈ ಸಂಖ್ಯೆಗಳನ್ನು ಇದ್ದಂತೆಯೇ ನಂಬುವುದಾದರೆ, ಜಪಾನಿನ ಮಕ್ಕಳು 2005ರಲ್ಲಿ ಸಾಧುಗಳಾಗಿದ್ದು 2006ರಲ್ಲಿ ಆರು ಪಟ್ಟು ಕ್ರೂರರಾದರೆಂದು ಹೇಳಬೇಕಾಗುತ್ತದೆ. ಅದು ಅಸಂಭವ. ನಿಜವಾಗಿ ಬದಲಾದುದು ಎಣಿಕೆಯ ಕ್ರಮ. 1985ರ ನಿರೂಪಣೆಯ ಪ್ರಕಾರ, ತನಗಿಂತ ದುರ್ಬಲನಾದವನ ಮೇಲೆ ಏಕಪಕ್ಷೀಯವಾಗಿ, ಎಡೆಬಿಡದೆ ನಡೆಯುವ, ತೀವ್ರವಾದ ನೋವನ್ನುಂಟುಮಾಡುವ, ಶಾಲೆಯು ತಾನೇ ಖಚಿತಪಡಿಸಿಕೊಂಡ ಕೃತ್ಯವು ಮಾತ್ರ ಇಜಿಮೆ. 1994ರಲ್ಲಿ ಶಾಲೆಯು ಖಚಿತಪಡಿಸಬೇಕೆಂಬ ಮಾತನ್ನು ಕೈಬಿಡಲಾಯಿತು. 2006ರಲ್ಲಿ ಏಕಪಕ್ಷೀಯ, ಎಡೆಬಿಡದ, ತೀವ್ರ ಎಂಬ ವಿಶೇಷಣಗಳೂ ಹೋದವು. ‘ನಡೆದ ಸಂಖ್ಯೆ’ ಎಂಬುದರ ಬದಲು ‘ಗುರುತಿಸಿದ ಸಂಖ್ಯೆ’ ಎಂಬ ಹೆಸರು ಬಂದಿತು. 2013ರ ಅಧಿನಿಯಮವು ಪೀಡಿತ ಮಗುವು ನೋವನ್ನು ಅನುಭವಿಸುತ್ತಿದೆಯೇ ಎಂಬುದನ್ನೇ ಒರೆಗಲ್ಲಾಗಿ ಮಾಡಿತು. ನಿರೂಪಣೆಯ ಪ್ರತಿಯೊಂದು ಬದಲಾವಣೆಯ ಹಿಂದೆಯೂ ಒಂದು ಪ್ರಖ್ಯಾತ ಪ್ರಕರಣವಿದೆ.

ಎರಡು ಪ್ರಕರಣಗಳ ನಡುವಣ ವರ್ಷಗಳಲ್ಲಿ ಸಂಖ್ಯೆಯು ಇಳಿಯುತ್ತ ಹೋದುದಕ್ಕೂ ಇದರಲ್ಲಿಯೇ ವಿವರಣೆಯಿದೆ. ಹೆಚ್ಚು ಸಂಖ್ಯೆಯನ್ನು ತೋರಿಸಿದ ಶಾಲೆಗೆ ಕೆಟ್ಟ ಹೆಸರು ಬರುವುದಾದರೆ, ಮುಖ್ಯೋಪಾಧ್ಯಾಯನು ಸಂಖ್ಯೆಯನ್ನು ತಗ್ಗಿಸುವುದರಲ್ಲಿ ಆಶ್ಚರ್ಯವಿಲ್ಲ. ಪತ್ರಿಕೆಗಳು ಎಚ್ಚರವಾಗಿದ್ದಾಗ ಮಾತ್ರ ಹೆಚ್ಚು ಸಂಖ್ಯೆಯು ಜಾಗರೂಕತೆಯ ಗುರುತಾಗುತ್ತದೆ. ಆದುದರಿಂದ ಈ ಅಂಕಿಗಳು ಮಕ್ಕಳ ನಡತೆಯನ್ನು ಅಳೆಯುವುದಕ್ಕಿಂತ ಹೆಚ್ಚಾಗಿ ಹಿರಿಯರ ಗಮನವನ್ನು ಅಳೆಯುತ್ತವೆಂದು ಹೇಳಿದರೆ ತಪ್ಪಾಗದು.

8

ಪತ್ರಿಕೆಯ ಗಮನದಿಂದ ಒಳಿತಾಯಿತೆಂಬುದನ್ನು ಮೇಲಿನ ವಿವರಗಳು ತೋರಿಸಿವೆ: ಸಲಹೆಗಾರರು, ಹೊಸ ನಿರೂಪಣೆ, ಅಧಿನಿಯಮ. ಆದರೆ ಅದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಓತ್ಸು ಪ್ರಕರಣದಲ್ಲಿ ಏನೂ ಸಂಬಂಧವಿಲ್ಲದವರನ್ನು ಪೀಡಕರ ಬಂಧುಗಳೆಂದು ಅಂತರ್ಜಾಲದಲ್ಲಿ ಸಾರಿ, ಅವರನ್ನೇ ಪೀಡಿಸಲಾಯಿತು. 2006ರ ನವೆಂಬರಿನಲ್ಲಿ ಶಿಕ್ಷಣ ಮಂತ್ರಿಗೆ ತಾನು ಸಾಯುವೆನೆಂದು ತಿಳಿಸುವ ಅನಾಮಧೇಯ ಪತ್ರವು ಬಂದಿತು. ಒಂದು ಸಾವನ್ನು ಅತಿಯಾಗಿ ವರ್ಣಿಸುವುದರಿಂದ ಇನ್ನೊಂದಕ್ಕೆ ದಾರಿಯಾಗುವ ಅಪಾಯವುಂಟೆಂದು ವಿಶ್ವ ಆರೋಗ್ಯ ಸಂಸ್ಥೆಯು 2000ದಲ್ಲಿಯೇ ಪತ್ರಕರ್ತರಿಗೆ ಸೂಚನೆಗಳನ್ನು ಪ್ರಕಟಿಸಿದ್ದಿತು.

ಇದಕ್ಕಿಂತಲೂ ದೊಡ್ಡ ನಷ್ಟವೆಂದರೆ ಸಾವನ್ನೇ ಪುರಾವೆಯಾಗಿ ಕೇಳುವ ಅಭ್ಯಾಸ. ಸಾಯದೆ ಉಳಿದ ಮಗುವಿನ ಸಂಕಟವು ಮೇಲಿನ ಐದು ಅಂಶಗಳಲ್ಲಿ ಮೊದಲನೆಯದರಲ್ಲಿಯೇ ತಪ್ಪಿಹೋಗುತ್ತದೆ. ಮಾತು ಬಿಡುವುದು, ಜೊತೆಗೆ ಕೂರಿಸಿಕೊಳ್ಳದಿರುವುದು, ನಗುವುದು ಮುಂತಾದ ನಿಧಾನವಾದ ಹಿಂಸೆಗೆ ದಾಖಲೆಯೇ ಇರುವುದಿಲ್ಲ. ಸಮಾಜಶಾಸ್ತ್ರಜ್ಞರಾದ ಮೊರಿತ ಯೋಜಿ ಅವರು 1980ರ ದಶಕದಲ್ಲಿ ಜಪಾನಿನ ತರಗತಿಗಳನ್ನು ಪರಿಶೀಲಿಸಿ, ಇಜಿಮೆಯಲ್ಲಿ ನಾಲ್ಕು ಪದರಗಳಿವೆಯೆಂದು ವಿವರಿಸಿದರು: ಪೀಡಿತನು, ಪೀಡಿಸುವವರು, ನೋಡಿ ನಗುವವರು, ನೋಡಿಯೂ ನೋಡದಂತಿರುವವರು. ಪೀಡನೆ ನಿಲ್ಲುವುದೂ ಬೆಳೆಯುವುದೂ ಕೊನೆಯ ಪದರದವರನ್ನು ಅವಲಂಬಿಸಿದೆಯೆಂಬುದು ಅವರ ವಿವೇಚನೆಯ ತಿರುಳು. ತರಗತಿಯ ಹೊರಗಿರುವ ನಾವೂ, ಪತ್ರಿಕೆಯ ಓದುಗರೂ, ಎರಡು ಪ್ರಖ್ಯಾತ ಪ್ರಕರಣಗಳ ನಡುವಣ ವರ್ಷಗಳಲ್ಲಿ ಆ ನಾಲ್ಕನೆಯ ಪದರಕ್ಕೇ ಸೇರಿದವರಲ್ಲವೇ ಎಂಬುದು ವಿಚಾರಾರ್ಹವಾಗಿದೆ.

9

ನಮ್ಮ ದೇಶದಲ್ಲಿ ಇದಕ್ಕೆ ಸಮೀಪವಾದ ವಿಷಯವೆಂದರೆ ಕಾಲೇಜುಗಳ ರ‍್ಯಾಗಿಂಗ್. 1996ರಲ್ಲಿ ತಮಿಳುನಾಡಿನ ಅಣ್ಣಾಮಲೈ ವಿಶ್ವವಿದ್ಯಾನಿಲಯದಲ್ಲಿ ಮೊದಲ ವರ್ಷದ ವೈದ್ಯಕೀಯ ವಿದ್ಯಾರ್ಥಿಯೊಬ್ಬನ ಕೊಲೆಯಾಯಿತು. 1997ರಲ್ಲಿ ಆ ರಾಜ್ಯವು ರ‍್ಯಾಗಿಂಗ್ ನಿಷೇಧದ ಶಾಸನವನ್ನು ಮಾಡಿತು. 2009ರ ಮಾರ್ಚ್‌ನಲ್ಲಿ ಹಿಮಾಚಲ ಪ್ರದೇಶದ ವೈದ್ಯಕೀಯ ಕಾಲೇಜೊಂದರಲ್ಲಿ ಇನ್ನೊಬ್ಬ ವಿದ್ಯಾರ್ಥಿಯು ಮೃತನಾದನು. ಅದೇ ವರ್ಷ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ದೇಶಕ್ಕೆಲ್ಲ ಅನ್ವಯಿಸುವ ನಿಯಮಾವಳಿಯನ್ನು ಹೊರಡಿಸಿತು. ಸಾವು, ಸುಮ್ಮನಿರದ ಕುಟುಂಬ, ಸಂಸ್ಥೆಯ ಹೊಣೆಗೇಡಿತನ, ಶಾಸನ ಎಂಬ ಕ್ರಮವು ಇಲ್ಲಿಯೂ ಕಾಣುತ್ತದೆ. ಕರ್ನಾಟಕದಲ್ಲಿ 1995ರಲ್ಲಿ ಜಾರಿಗೆ ಬಂದ 1983ರ ಶಿಕ್ಷಣ ಅಧಿನಿಯಮದಲ್ಲಿಯೇ ರ‍್ಯಾಗಿಂಗಿನ ನಿರೂಪಣೆಯೂ ಅದಕ್ಕೆ ದಂಡನೆಯೂ ಸೇರಿದ್ದವು. ಅಂದರೆ ಮೇಲ್ಕಂಡ ಎರಡು ಪ್ರಕರಣಗಳಿಗೂ ಮುಂಚೆಯೇ ನಮ್ಮಲ್ಲಿ ಕಾನೂನು ಇದ್ದಿತು. ಆದರೂ ರ‍್ಯಾಗಿಂಗನ್ನು ಕುರಿತ ಸಾರ್ವಜನಿಕ ಚರ್ಚೆಗಳಲ್ಲಿ ಆ ವಿಧಿಯ ಹೆಸರು ಕೇಳಿಬರುವುದು ಅಪರೂಪ. ಸದ್ದಿಲ್ಲದೆ ಬಂದ ಶಾಸನವು ಪ್ರಕರಣದ ನೆನಪನ್ನು ಹೊತ್ತು ಬಂದ ಶಾಸನದಷ್ಟು ಜನರ ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ಆಯೋಗದ ನಿಯಮಾವಳಿಯು ಉನ್ನತ ಶಿಕ್ಷಣಕ್ಕೆ ಸಂಬಂಧಿಸಿದುದು. ಶಾಲೆಯ ಮಗುವಿನ ವಿಷಯದಲ್ಲಿ ಜಪಾನಿನ 2013ರ ಅಧಿನಿಯಮದಂತಹ ಪ್ರತ್ಯೇಕ ಕೇಂದ್ರ ಶಾಸನವು ನಮ್ಮಲ್ಲಿಲ್ಲ. ಅಂತಹ ಶಾಸನವೊಂದಕ್ಕಾಗಿ ಒಂದು ಸಾವನ್ನೂ ಒಂದು ಪತ್ರವನ್ನೂ ಕಾಯಬೇಕೇ ಎಂಬುದು ಶಾಸಕರು ವಿಚಾರಮಾಡಬೇಕಾದ ಪ್ರಶ್ನೆ. ಇತಿಹಾಸದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಸಂಬಂಧಿಸಿದ ಮಾತು ಇನ್ನೊಂದಿದೆ. ಶಾಲೆಯೊಂದರ ಕಡತದಲ್ಲಿ ದೂರುಗಳ ಸಂಖ್ಯೆಯು ಸೊನ್ನೆಯೆಂದಿದ್ದರೆ, ಅಲ್ಲಿ ಏನೂ ನಡೆಯಲಿಲ್ಲವೆಂದು ಅದರಿಂದ ಸಿದ್ಧಪಡುವುದಿಲ್ಲ. ಯಾರೂ ಬರೆದುಕೊಳ್ಳಲಿಲ್ಲವೆಂಬುದಷ್ಟೇ ಸಿದ್ಧಪಡುತ್ತದೆ. 1999ರಿಂದ 2005ರವರೆಗಿನ ಜಪಾನಿನ ಏಳು ಸೊನ್ನೆಗಳು ಈ ಎಚ್ಚರಿಕೆಗೆ ಸಾಕಾದ ನಿದರ್ಶನ. ನಮ್ಮ ಊರುಗಳ ಹಳೆಯ ಶಾಲೆಗಳ ಇತಿಹಾಸವನ್ನು ಬರೆಯುವವರು ಶತಮಾನೋತ್ಸವದ ಸಂಚಿಕೆಗಳನ್ನೂ ಫಲಿತಾಂಶದ ಪಟ್ಟಿಗಳನ್ನೂ ನೋಡಿದರೆ ಸಾಲದು. ನಡುವೆ ಶಾಲೆ ಬಿಟ್ಟವರು ಯಾರು, ವರ್ಗಾವಣೆಯ ಪತ್ರವನ್ನು ಕೇಳಿ ಪಡೆದವರು ಯಾರು, ಕಾರಣದ ಅಂಕಣದಲ್ಲಿ ಏನನ್ನು ಬರೆಯಲಾಗಿದೆ, ಏನನ್ನು ಖಾಲಿ ಬಿಡಲಾಗಿದೆ ಎಂಬುದನ್ನೂ ವಿಚಾರಿಸಬೇಕು. ಬದುಕಿರುವ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಈ ಕೆಲಸಕ್ಕೆ ದೊಡ್ಡ ಗ್ರಂಥಾಲಯಗಳು ಬೇಕಿಲ್ಲ. ಒಂದು ತಾಲ್ಲೂಕಿನ ಶಾಲೆಗಳ ದಾಖಲಾತಿ ಪುಸ್ತಕಗಳಿಂದಲೇ ಆರಂಭಿಸಬಹುದು.